ಸ್ಥಾಪಕರ ಮೇಜಿನಿಂದ ಎಷ್ಟು ದೂರ? ಬೆಳೆಯುವ ಸ್ಟಾರ್ಟ್‌ಅಪ್‌ಗಳಲ್ಲಿ ಎಚ್‌ಆರ್

ಹೊಸದಾಗಿ ಶುರುವಾದ ಕಂಪನಿಯಲ್ಲಿ ಎಚ್‌ಆರ್ ವಿಭಾಗ ಇರುವುದಿಲ್ಲ. ಎಚ್‌ಎಸ್‌ಆರ್ ಲೇಔಟಿನಲ್ಲೋ ಇಂದಿರಾನಗರದಲ್ಲೋ ಬಾಡಿಗೆಗೆ ಹಿಡಿದ ಮನೆಯ ಹಾಲ್‌ನಲ್ಲಿ ಏಳೆಂಟು ಮಂದಿ ಲ್ಯಾಪ್‌ಟಾಪ್ ತೆರೆದು ಕೂತಿರುತ್ತಾರೆ. ಯಾರಿಗೆಷ್ಟು ಸಂಬಳ ಎಂಬುದು ಸ್ಥಾಪಕರ ಎಕ್ಸೆಲ್ ಹಾಳೆಯಲ್ಲಿರುತ್ತದೆ. ರಜೆ ಬೇಕಾದವರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಾಲು ಹಾಕಿದರಾಯಿತು. ಮನಸ್ತಾಪವಾದರೆ ಪಕ್ಕದ ದರ್ಶಿನಿಯಲ್ಲಿ ಕಾಫಿ ಮುಗಿಯುವಷ್ಟರಲ್ಲಿ ರಾಜಿಯಾಗುತ್ತದೆ. ಇದೇ ಕಂಪನಿಗೆ ಫಂಡಿಂಗ್ ಬಂದು ಎರಡು ಮೂರು ವರ್ಷಗಳಲ್ಲಿ ಮುನ್ನೂರು ಜನ ಸೇರಿಕೊಂಡಾಗ ಆ ವಾಟ್ಸ್‌ಆ್ಯಪ್ ಸಾಲಿಗೆ ಉತ್ತರ ಕೊಡುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಸ್ಟಾರ್ಟ್‌ಅಪ್‌ಗಳ ಮಾನವ ಸಂಪನ್ಮೂಲದ ಚರ್ಚೆಯೆಲ್ಲ ಇದೇ ಪ್ರಶ್ನೆಯ ವಿಸ್ತರಣೆ.

ಈ ಚರ್ಚೆಯಲ್ಲಿ ಎರಡು ಪಕ್ಷಗಳಿವೆ. ನಿಯಮ, ಫಾರಂ, ಅನುಮೋದನೆಗಳು ಬಂದವೆಂದರೆ ವೇಗ ಸತ್ತಂತೆ, ದೊಡ್ಡ ಕಂಪನಿಗಳ ಜಡತನದಿಂದ ಓಡಿಬಂದವರೇ ಸ್ಟಾರ್ಟ್‌ಅಪ್ ಕಟ್ಟುವುದು ಎನ್ನುತ್ತದೆ ಒಂದು ಪಕ್ಷ. ಮೊದಲಿನಿಂದಲೂ ಶಿಸ್ತು ಬೇಕು, ತಡವಾದರೆ ಬೆಲೆ ತೆರಬೇಕಾಗುತ್ತದೆ ಎನ್ನುತ್ತದೆ ಇನ್ನೊಂದು. ಇಬ್ಬರೂ ಒಂದು ಸಂಗತಿಯನ್ನು ಗಮನಿಸುವುದು ಕಡಿಮೆ. ನಿಯಮಗಳೇ ಇಲ್ಲದ ಕಂಪನಿ ಎಲ್ಲೂ ಇಲ್ಲ. ಯಾರು ತಡರಾತ್ರಿವರೆಗೆ ಇರಬೇಕು, ಯಾರ ತಪ್ಪು ಮಾಫಿ, ಯಾರ ಇನ್‌ಕ್ರಿಮೆಂಟ್ ಎಷ್ಟು ಎಂಬುದನ್ನೆಲ್ಲ ಬರೆಯದ ನಿಯಮಗಳು ಮೊದಲ ದಿನದಿಂದಲೇ ತೀರ್ಮಾನಿಸುತ್ತಿರುತ್ತವೆ. ಅವು ಅರ್ಥವಾಗುವುದು ಸ್ಥಾಪಕರ ಮೇಜಿನ ಹತ್ತಿರ ಕೂತವರಿಗೆ. ಆ ಮೇಜಿನಿಂದ ದೂರ ಇರುವವರಿಗೆ, ಅಂದರೆ ಎಂಬತ್ತನೆಯವಳಾಗಿ ಸೇರಿದ ಟೆಸ್ಟರ್‌ಗೆ, ಗೋದಾಮಿನ ಪ್ಯಾಕರ್‌ಗೆ, ಹುಬ್ಬಳ್ಳಿಯ ಸೇಲ್ಸ್ ಹುಡುಗನಿಗೆ, ಬರೆದಿಟ್ಟ ನಿಯಮವೊಂದೇ ಆಸರೆ. ಆದ್ದರಿಂದ ಕಂಪನಿಯ ಎಚ್‌ಆರ್ ಪದ್ಧತಿಯನ್ನು ಈ ದೂರದವರ ಕಡೆಯಿಂದ ಅಳೆಯಬೇಕು ಎಂಬುದು ಈ ಲೇಖನದ ನಿಲುವು.

ಬೆಳವಣಿಗೆಯ ಮೆಟ್ಟಿಲುಗಳು, ಕಾನೂನಿನ ಮೆಟ್ಟಿಲುಗಳು

ಸಂಸ್ಥೆಗಳು ಬೆಳೆಯುವ ಬಗೆಯನ್ನು ಲ್ಯಾರಿ ಗ್ರೈನರ್ 1972ರಲ್ಲೇ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಗುರುತಿಸಿದ್ದರು. ಅವರ ಪ್ರಕಾರ ಪ್ರತಿ ಹಂತದ ಯಶಸ್ಸೇ ಮುಂದಿನ ಬಿಕ್ಕಟ್ಟಿನ ಬೀಜ. ಸೃಜನಶೀಲತೆಯಿಂದ ಬೆಳೆದ ಸಂಸ್ಥೆ ನಾಯಕತ್ವದ ಬಿಕ್ಕಟ್ಟಿಗೆ ಸಿಕ್ಕುತ್ತದೆ. ಗಟ್ಟಿ ನಿರ್ದೇಶನದಿಂದ ಅದನ್ನು ದಾಟಿದರೆ ಕೆಳಗಿನವರು ಸ್ವಾತಂತ್ರ್ಯ ಕೇಳುತ್ತಾರೆ. ಅಧಿಕಾರ ಹಂಚಿದರೆ ಹಿಡಿತ ತಪ್ಪುತ್ತದೆ. ಹಿಡಿತಕ್ಕೆಂದು ವ್ಯವಸ್ಥೆ ಕಟ್ಟಿದರೆ ಕಡತಗಳ ಕಾಟ ಶುರುವಾಗುತ್ತದೆ. ಗ್ರೈನರ್ ದಶಕಗಳ ಲೆಕ್ಕದಲ್ಲಿ ಹೇಳಿದ ಈ ಪಯಣವನ್ನು ಬೆಂಗಳೂರಿನ ಕಂಪನಿಗಳು ನಾಲ್ಕೈದು ವರ್ಷಗಳಲ್ಲಿ ಮುಗಿಸಲು ಹೊರಡುತ್ತವೆ. ಹಿಂದಿನ ಬಿಕ್ಕಟ್ಟು ಬಗೆಹರಿಯುವ ಮೊದಲೇ ಮುಂದಿನದು ಬಾಗಿಲಲ್ಲಿ ನಿಂತಿರುತ್ತದೆ.

ಭಾರತದ ಕಾನೂನಿಗೂ ತನ್ನದೇ ಮೆಟ್ಟಿಲುಗಳಿವೆ. ಹತ್ತು ಜನರಾದೊಡನೆ ಇಎಸ್‌ಐ, ಗ್ರಾಚ್ಯುಟಿ, ಹೆರಿಗೆ ಸೌಲಭ್ಯಗಳ ಬಾಧ್ಯತೆ ಶುರು. 2013ರ ಕಾಯ್ದೆಯ ಪ್ರಕಾರ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿಯೂ ಹತ್ತು ಜನರಿರುವ ಸಂಸ್ಥೆಗೆ ಕಡ್ಡಾಯ. ಇಪ್ಪತ್ತಾದರೆ ಪಿಎಫ್, ಜೊತೆಗೆ ಕಾರ್ಮಿಕರ ಕುಂದುಕೊರತೆ ಸಮಿತಿ. ಐವತ್ತಾದರೆ ಶಿಶುಪಾಲನಾ ಕೇಂದ್ರ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಇದಕ್ಕೆ ಇನ್ನಷ್ಟು ಸೇರಿಸಿವೆ. ಲಿಖಿತ ನೇಮಕಾತಿ ಪತ್ರ ಕಡ್ಡಾಯವಾಗಿದೆ, ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಹಕ್ಕು ಬಂದಿದೆ, ಕೆಲಸ ಬಿಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕಾಗಿದೆ. ‘ಫುಲ್ ಅಂಡ್ ಫೈನಲ್’ ಲೆಕ್ಕಕ್ಕೆ ತಿಂಗಳುಗಟ್ಟಲೆ ಅಲೆದವರಿಗೆ ಈ ಕೊನೆಯ ಅಂಶದ ಬೆಲೆ ಗೊತ್ತು.

ಒಟ್ಟಿಗೆ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಸ್ಥಾಪಕರು ಎಚ್‌ಆರ್ ಬಗ್ಗೆ ಯೋಚಿಸಲು ಶುರು ಮಾಡುವುದು ಸಾಮಾನ್ಯವಾಗಿ ಐವತ್ತು ಅರವತ್ತು ಜನರಾದ ಮೇಲೆ. ಕಾನೂನು ಹತ್ತಕ್ಕೇ ಬಾಗಿಲು ತಟ್ಟಿರುತ್ತದೆ. ನಡುವಿನ ಈ ಅಂತರದಲ್ಲಿ ಬಹುತೇಕ ತಪ್ಪುಗಳು ಹುಟ್ಟುತ್ತವೆ. ಲೆಕ್ಕಿಗರು ಪಿಎಫ್ ಕಟ್ಟಿ ‘ಕಂಪ್ಲಯನ್ಸ್ ಆಯಿತು’ ಎನ್ನುತ್ತಾರೆ, ಆಂತರಿಕ ಸಮಿತಿ ಗೋಡೆಯ ಮೇಲಿನ ಪೋಸ್ಟರ್ ಆಗಿ ಉಳಿಯುತ್ತದೆ.

ಸಂಶೋಧನೆಗಳು ಏನನ್ನುತ್ತವೆ

ಈ ವಿಷಯದ ಅತಿ ಪ್ರಸಿದ್ಧ ಅಧ್ಯಯನ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ್ದು. ಜೇಮ್ಸ್ ಬ್ಯಾರನ್ ಮತ್ತು ಮೈಕೆಲ್ ಹ್ಯಾನನ್ ನೇತೃತ್ವದ ತಂಡ ತೊಂಬತ್ತರ ದಶಕದ ಮಧ್ಯದಿಂದ ಸಿಲಿಕಾನ್ ವ್ಯಾಲಿಯ ಸುಮಾರು ಇನ್ನೂರು ತಂತ್ರಜ್ಞಾನ ಕಂಪನಿಗಳನ್ನು ಹಿಂಬಾಲಿಸಿತು. ಜನ ಇಲ್ಲಿ ಉಳಿಯುವುದೇಕೆ, ಅವರನ್ನು ಆರಿಸುವುದು ಹೇಗೆ, ಅವರ ಕೆಲಸದ ಮೇಲೆ ನಿಗಾ ಇಡುವುದು ಹೇಗೆ ಎಂಬ ಮೂರು ಪ್ರಶ್ನೆಗಳನ್ನು ಸ್ಥಾಪಕರ ಮುಂದಿಟ್ಟಿತು. ಉತ್ತರಗಳಿಂದ ಐದು ಮಾದರಿಗಳು ಹೊರಬಂದವು. ದೊಡ್ಡ ಪ್ರತಿಭೆಗಳನ್ನು ನೆಚ್ಚಿದ್ದು ಒಂದು, ಸವಾಲಿನ ಕೆಲಸವನ್ನೇ ಆಕರ್ಷಣೆಯಾಗಿಸಿದ ಎಂಜಿನಿಯರಿಂಗ್ ಮಾದರಿ ಇನ್ನೊಂದು. ಪರಸ್ಪರ ನಂಟು ಮತ್ತು ನಿಷ್ಠೆಯದು ಮೂರನೆಯದು, ಕಡತ ಕ್ರಮದ್ದು ನಾಲ್ಕನೆಯದು, ಹಣ ಕೊಟ್ಟು ಹುಕುಂ ಮಾಡುವುದು ಐದನೆಯದು. ನಿಷ್ಠೆಯ ಮಾದರಿಯವು ಮುಚ್ಚಿಹೋಗುವ ಸಾಧ್ಯತೆ ಅತಿ ಕಡಿಮೆ ಇತ್ತು, ಹುಕುಂ ಮಾದರಿಯವಕ್ಕೆ ಅತಿ ಹೆಚ್ಚು. ಇದಕ್ಕಿಂತ ಮುಖ್ಯವಾದ ಶೋಧ ಬೇರೆಯದು. ಸ್ಥಾಪಕರು ಆರಂಭದಲ್ಲಿ ತಲೆಯಲ್ಲಿಟ್ಟುಕೊಂಡ ಮಾದರಿ ವರ್ಷಗಳ ನಂತರವೂ ಕಂಪನಿಯ ನಡವಳಿಕೆಯಲ್ಲಿ ಉಳಿದಿತ್ತು. ನಡುದಾರಿಯಲ್ಲಿ ಅದನ್ನು ಬದಲಿಸಿದ ಕಡೆ ಜನ ಬಿಟ್ಟುಹೋಗುವುದೂ ಕಂಪನಿ ಸೋಲುವುದೂ ಹೆಚ್ಚಿತ್ತು.

ಇದನ್ನು ಓದಿ ‘ನಮ್ಮದು ನಿಷ್ಠೆಯ ಮಾದರಿ’ ಎಂದು ಘೋಷಿಸಿಕೊಳ್ಳುವ ಆತುರ ಬೇಡ. ಅದು ಒಂದು ಕಾಲದ, ಒಂದು ಕಣಿವೆಯ ಕಥೆ. ಅಲ್ಲಿ ನಂಟು ಎಂದರೆ ದೀರ್ಘಕಾಲದ ಉದ್ಯೋಗದ ಭರವಸೆಯೂ ಸೇರಿತ್ತು. ನಮ್ಮಲ್ಲಿ ಎಷ್ಟೋ ಸ್ಥಾಪಕರು ‘ನಾವೆಲ್ಲ ಒಂದೇ ಕುಟುಂಬ’ ಎನ್ನುತ್ತಾರೆ. ಅವಿಭಕ್ತ ಕುಟುಂಬದಲ್ಲಿ ಬೆಳೆದವರಿಗೆ ಆ ಮಾತಿನ ಇನ್ನೊಂದು ಮುಖವೂ ಗೊತ್ತು. ಯಜಮಾನನ ಮಾತೇ ಕಾನೂನು, ಲೆಕ್ಕ ಕೇಳುವುದು ಮರ್ಯಾದೆಗೇಡು, ಕಿರಿಸೊಸೆಯ ದುಡಿಮೆ ಯಾರ ಖಾತೆಗೂ ಜಮೆಯಾಗದು. ಪಾಲಾಗುವ ಹೊತ್ತಿಗೆ ಮಾತ್ರ ಎಲ್ಲರಿಗೂ ಬರೆದ ಕಾಗದ ನೆನಪಾಗುತ್ತದೆ.

ಹೂಡಿಕೆದಾರರು ಬಂದಾಗ ಕಂಪನಿ ಬದಲಾಗುವುದೂ ದಾಖಲಾಗಿದೆ. ಥಾಮಸ್ ಹೆಲ್‌ಮನ್ ಮತ್ತು ಮಂಜು ಪುರಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವೆಂಚರ್ ಬಂಡವಾಳ ಪಡೆದ ಕಂಪನಿಗಳು ಎಚ್‌ಆರ್ ನೀತಿಗಳನ್ನೂ ಷೇರು ಯೋಜನೆಗಳನ್ನೂ ಬೇಗ ಅಳವಡಿಸಿಕೊಂಡವು. ಸ್ಥಾಪಕರ ಜಾಗಕ್ಕೆ ಹೊರಗಿನ ಸಿಇಒ ಬರುವುದೂ ಅಲ್ಲಿ ಹೆಚ್ಚಿತ್ತು.

ಮೂರನೆಯ ಅಧ್ಯಯನ ನಮಗೆ ಹತ್ತಿರದ್ದು. 2016ರ ಆರಂಭದಲ್ಲಿ ಮೈಸೂರಿನಲ್ಲಿ ಭಾರತದ ನೂರು ತಂತ್ರಜ್ಞಾನ ಕಂಪನಿಗಳ ಸ್ಥಾಪಕರು ಒಂದು ಶಿಬಿರದಲ್ಲಿ ಸೇರಿದ್ದರು. ಆರನ್ ಚಟರ್ಜಿ, ಶಾರಿಕ್ ಹಸನ್ ಮತ್ತಿತರ ಸಂಶೋಧಕರು ಅವರನ್ನು ಚೀಟಿ ಎತ್ತಿದ ಹಾಗೆ ಜೋಡಿ ಮಾಡಿ, ಒಬ್ಬರು ಇನ್ನೊಬ್ಬರಿಗೆ ಜನರನ್ನು ನಡೆಸುವ ಬಗ್ಗೆ ಸಲಹೆ ಕೊಡುವಂತೆ ಏರ್ಪಾಡು ಮಾಡಿದರು. ಎರಡು ವರ್ಷಗಳ ನಂತರ ಫಲಿತಾಂಶ ನೋಡಿದರು. ನಿಯತವಾಗಿ ಸಭೆ ನಡೆಸುವ, ಗುರಿ ಗೊತ್ತುಮಾಡುವ, ಆಗಾಗ ಕೆಲಸದ ಬಗ್ಗೆ ಅಭಿಪ್ರಾಯ ಹೇಳುವ ಕ್ರಮಬದ್ಧ ಸ್ಥಾಪಕರಿಂದ ಸಲಹೆ ಪಡೆದವರ ಕಂಪನಿಗಳು, ಅಷ್ಟು ಕ್ರಮವಿಲ್ಲದವರಿಂದ ಸಲಹೆ ಪಡೆದವರ ಕಂಪನಿಗಳಿಗಿಂತ ಶೇ 28ರಷ್ಟು ದೊಡ್ಡದಾಗಿದ್ದವು. ಸೋಲುವ ಸಾಧ್ಯತೆಯೂ ಶೇಕಡಾ ಹತ್ತು ಅಂಶ ಕಡಿಮೆಯಾಗಿತ್ತು. ಎಂಬಿಎ ಓದಿದ್ದ ಸ್ಥಾಪಕರಿಗೆ ಈ ಸಲಹೆಯಿಂದ ಹೆಚ್ಚು ವ್ಯತ್ಯಾಸವಾಗಲಿಲ್ಲ, ಅವರಿಗೆ ಅದು ಮೊದಲೇ ತಿಳಿದಿತ್ತೆಂದು ಊಹಿಸಬಹುದು. ಇಲ್ಲಿ ಕೆಲಸ ಮಾಡಿದ್ದು ದುಬಾರಿ ಸಾಫ್ಟ್‌ವೇರಾಗಲಿ ದೊಡ್ಡ ಎಚ್‌ಆರ್ ತಂಡವಾಗಲಿ ಅಲ್ಲ. ನಿಯತವಾಗಿ ಕೂತು ಮಾತಾಡುವ ರೂಢಿ ಕೆಲಸ ಮಾಡಿತು. ಶಿಸ್ತು ಬಂದರೆ ವೇಗ ಸಾಯುತ್ತದೆ ಎಂಬ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಒಳಗೆ ಬರುವ ದಾರಿ

ಮೊದಲ ಹದಿನೈದು ಇಪ್ಪತ್ತು ಮಂದಿ ಬರುವುದು ಪರಿಚಯದಿಂದ. ಒಂದೇ ಕಾಲೇಜು, ಒಂದೇ ಹಳೆಯ ಕಂಪನಿ, ಒಂದೇ ಪಿಜಿ. ಇದರ ಲಾಭ ದೊಡ್ಡದು: ನಂಬಿಕೆ ಇರುತ್ತದೆ, ಸಂದರ್ಶನದ ಖರ್ಚಿಲ್ಲ, ಮಾತು ಬೇಗ ಅರ್ಥವಾಗುತ್ತದೆ. ನಷ್ಟ ನಿಧಾನಕ್ಕೆ ಕಾಣುತ್ತದೆ. ರೆಫರಲ್ ಬೋನಸ್ ಕೊಟ್ಟು ಇದೇ ದಾರಿಯಲ್ಲಿ ಇನ್ನೂರು ಜನರನ್ನು ತುಂಬಿಕೊಂಡರೆ ಕಂಪನಿ ಒಂದು ಹಾಸ್ಟೆಲಿನ ಬ್ಯಾಚ್‌ಮೇಟ್‌ಗಳ ಕೂಟವಾಗುತ್ತದೆ. ಬೇರೆ ಊರಿನ, ಬೇರೆ ಭಾಷೆಯ, ಬೇರೆ ಜಾತಿಯ ಅಭ್ಯರ್ಥಿ ‘ಕಲ್ಚರ್ ಫಿಟ್ ಅಲ್ಲ’ ಎಂಬ ಒಂದು ಮಾತಿನಲ್ಲಿ ಹೊರಗುಳಿಯುತ್ತಾನೆ. ಇದಕ್ಕೆ ಮದ್ದು ಸಂದರ್ಶನದ ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟು ಎಲ್ಲರಿಗೂ ಅದೇ ಅಳತೆಗೋಲು ಹಿಡಿಯುವುದು. ಹೇಳಲು ಸುಲಭ, ಆದರೆ ಆತುರದ ಕಂಪನಿ ಮೊದಲು ಕೈಬಿಡುವುದು ಇದನ್ನೇ.

ಆತುರದ ಬೆಲೆ 2016ರಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಕೋರಮಂಗಲದಲ್ಲಿ 2007ರಲ್ಲಿ ಹುಟ್ಟಿ ದೇಶದ ಸ್ಟಾರ್ಟ್‌ಅಪ್ ಕಥೆಯ ಮುಖವೇ ಆಗಿದ್ದ ಫ್ಲಿಪ್‌ಕಾರ್ಟ್, ಐಐಎಂ ಮುಂತಾದ ಕ್ಯಾಂಪಸ್‌ಗಳಿಂದ ಆರಿಸಿದವರ ಸೇರ್ಪಡೆಯನ್ನು ಜೂನ್‌ನಿಂದ ಡಿಸೆಂಬರ್‌ಗೆ ಮುಂದೂಡಿತು. ಸೇರುವಾಗ ಒಂದೂವರೆ ಲಕ್ಷ ರೂಪಾಯಿ ಕೊಡುವುದಾಗಿ ಹೇಳಿತು. ಐಐಎಂ ಅಹಮದಾಬಾದ್ ಬಹಿರಂಗವಾಗಿ ಆಕ್ಷೇಪಿಸಿತು. ಅದೇ ವರ್ಷ ಐಐಟಿಗಳ ಪ್ಲೇಸ್‌ಮೆಂಟ್ ಸಮಿತಿ, ಆಫರ್ ಕೊಟ್ಟು ಹಿಂತೆಗೆದ ಮತ್ತಿತರ ಕಾರಣಗಳಿಗಾಗಿ 31 ಕಂಪನಿಗಳನ್ನು ಕಪ್ಪುಪಟ್ಟಿಗೆ ಸೇರಿಸಿತು. ಅವುಗಳಲ್ಲಿ ಹೆಚ್ಚಿನವು ಸ್ಟಾರ್ಟ್‌ಅಪ್‌ಗಳು. ಹಣ ಹರಿಯುತ್ತಿದ್ದ ತಿಂಗಳಲ್ಲಿ ಎಣಿಸಿದ ತಲೆಗಳು, ಹಣ ಬತ್ತಿದ ತಿಂಗಳಲ್ಲಿ ಸಂಬಳ ಕೇಳುತ್ತವೆ. ಆಫರ್ ಲೆಟರ್ ಎಂಬುದು ಇಪ್ಪತ್ತೆರಡರ ಹುಡುಗಿಗೆ ಶಿಕ್ಷಣ ಸಾಲದ ಕಂತಿನ ಲೆಕ್ಕ. ಕಂಪನಿಯ ಕಡೆ ಅದು ಯೋಜನೆಯ ಒಂದು ಅಂದಾಜು. ಈ ಎರಡು ಲೆಕ್ಕಗಳ ನಡುವಿನ ಅಂತರವನ್ನು ಮೊದಲೇ ಕಾಣುವುದು ಎಚ್‌ಆರ್‌ನ ನಿಜವಾದ ಕೆಲಸ.

ಸಂಬಳ ಮತ್ತು ಷೇರಿನ ಆಸೆ

ಕಡಿಮೆ ನಗದು, ಹೆಚ್ಚು ಭವಿಷ್ಯ: ಸ್ಟಾರ್ಟ್‌ಅಪ್ ಸಂಬಳದ ಸೂತ್ರ ಇದು. ಆ ಭವಿಷ್ಯದ ಹೆಸರು ಇಸಾಪ್, ಅಂದರೆ ಮುಂದೊಂದು ದಿನ ನಿಗದಿತ ಬೆಲೆಗೆ ಕಂಪನಿಯ ಷೇರು ಪಡೆಯುವ ಹಕ್ಕು. ತೊಂಬತ್ತರ ದಶಕದಲ್ಲಿ ಇನ್ಫೊಸಿಸ್ ನೌಕರರಿಗೆ ಷೇರು ಹಂಚಿದ್ದರಿಂದ ಬೆಂಗಳೂರಿನ ಮಧ್ಯಮ ವರ್ಗಕ್ಕೆ ಈ ಕನಸಿನ ರುಚಿ ಮೊದಲೇ ಹತ್ತಿತ್ತು. ಕನಸು ನಿಜವಾದದ್ದೂ ಉಂಟು. ಫೋನ್‌ಪೇ ಬೇರ್ಪಟ್ಟ ಮೇಲೆ 2023ರಲ್ಲಿ ಫ್ಲಿಪ್‌ಕಾರ್ಟ್ ತನ್ನ ಹಾಲಿ ಮತ್ತು ಮಾಜಿ ನೌಕರರಿಗೆ ಸುಮಾರು 70 ಕೋಟಿ ಡಾಲರ್ ನಗದು ನೀಡಿತು. 2024ರ ನವೆಂಬರ್‌ನಲ್ಲಿ ಸ್ವಿಗ್ಗಿ ಷೇರುಪೇಟೆಗೆ ಬಂದಾಗ ನೂರಾರು ನೌಕರರು ಕೋಟ್ಯಧೀಶರಾದರೆಂದು ಪತ್ರಿಕೆಗಳು ಬರೆದವು.

ಅಂಥ ದಿನ ಬಾರದ ಕಂಪನಿಗಳೇ ಹೆಚ್ಚು. ಇಸಾಪ್‌ನ ಷರತ್ತುಗಳನ್ನು ಸೇರುವ ದಿನ ಓದುವವರು ಕಡಿಮೆ. ನಮ್ಮ ನಿಯಮಗಳ ಪ್ರಕಾರ ಹಕ್ಕು ಕೊಟ್ಟ ದಿನದಿಂದ ಕನಿಷ್ಠ ಒಂದು ವರ್ಷದ ಮೊದಲು ಅದು ಕೈಗೆ ಬರುವಂತಿಲ್ಲ. ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಬರುತ್ತದೆ. ಕೆಲಸ ಬಿಟ್ಟರೆ ಇಷ್ಟೇ ದಿನದೊಳಗೆ ಹಣ ಕಟ್ಟಿ ಷೇರು ಪಡೆಯಬೇಕು ಎಂಬ ಗಡುವು ಬಹುತೇಕ ಕಡೆ ಇರುತ್ತದೆ. ಪಡೆದ ದಿನವೇ, ಮಾರಲು ಪೇಟೆಯೇ ಇಲ್ಲದಿದ್ದರೂ, ಲಾಭದ ಲೆಕ್ಕ ಹಾಕಿ ತೆರಿಗೆ ಕಟ್ಟಬೇಕು. 2020ರ ಬಜೆಟ್ ಈ ತೆರಿಗೆಯನ್ನು ಮುಂದೂಡಲು ಅವಕಾಶ ಕೊಟ್ಟಿತಾದರೂ, ಅದು ತೆರಿಗೆ ವಿನಾಯಿತಿಗೆ ಅರ್ಹವೆಂದು ಪ್ರಮಾಣಪತ್ರ ಪಡೆದ ಸ್ಟಾರ್ಟ್‌ಅಪ್‌ಗಳಿಗೆ ಮಾತ್ರ. ಕೆಲಸ ಬಿಟ್ಟ ಕೂಡಲೇ ಮುಂದೂಡುವ ಆ ಅವಕಾಶವೂ ಮುಗಿಯುತ್ತದೆ. ಹೀಗಾಗಿ ಮಧ್ಯಮ ಸಂಬಳದ ಎಂಜಿನಿಯರ್ ನಾಲ್ಕು ವರ್ಷ ದುಡಿದು ಗಳಿಸಿದ ಹಕ್ಕನ್ನು, ಹಣ ಹೊಂದಿಸಲಾಗದೆ ಬಿಟ್ಟುಹೋಗುವ ಸಂದರ್ಭಗಳಿವೆ. ಷೇರು ಕೊಡುವ ಕಂಪನಿ ಈ ಲೆಕ್ಕವನ್ನು ಉದಾಹರಣೆ ಸಮೇತ ಒಂದು ಪುಟದಲ್ಲಿ ಬರೆದುಕೊಡಬಹುದು. ಹಾಗೆ ಕೊಡದ ಕಡೆ ಇಸಾಪ್ ಸಂಬಳದ ಭಾಗವಾಗಿ ಉಳಿಯದೆ ಲಾಟರಿಯಾಗುತ್ತದೆ.

ಸಂಬಳದ ಇನ್ನೊಂದು ತೊಡಕು ಅಸಮಾನತೆ. ಫಂಡಿಂಗ್ ಬಂದ ಮೇಲೆ ಸೇರಿದವರು, ಮೊದಲಿನಿಂದ ದುಡಿದವರಿಗಿಂತ ಹೆಚ್ಚು ಸಿಟಿಸಿ ಕೇಳಿ ಪಡೆಯುತ್ತಾರೆ. ಗುಟ್ಟು ಹೆಚ್ಚು ದಿನ ನಿಲ್ಲದು. ಸಂಬಳದ ಶ್ರೇಣಿಗಳನ್ನು ಬರೆದಿಟ್ಟ ಕಂಪನಿ ಇದಕ್ಕೆ ಕಾರಣ ಹೇಳಬಹುದು, ಬರೆಯದ ಕಂಪನಿಗೆ ಮೌನವೊಂದೇ ಉತ್ತರ.

ಮ್ಯಾನೇಜರ್ ಬೇಕೇ ಬೇಡವೇ

‘ನಮ್ಮಲ್ಲಿ ಮೇಲು ಕೀಳಿಲ್ಲ’ ಎಂಬ ಹೆಮ್ಮೆಯನ್ನು ಗೂಗಲ್ ಕೂಡ ಪರೀಕ್ಷಿಸಿ ನೋಡಿದೆ. ಈ ಶತಮಾನದ ಆರಂಭದಲ್ಲಿ ಅದು ಎಂಜಿನಿಯರಿಂಗ್ ಮ್ಯಾನೇಜರ್‌ಗಳನ್ನೇ ತೆಗೆದುಹಾಕಿತು. ಕೆಲವೇ ತಿಂಗಳಲ್ಲಿ ಖರ್ಚಿನ ಬಿಲ್ಲುಗಳೂ ಸಹೋದ್ಯೋಗಿಗಳ ಜಗಳಗಳೂ ನೇರವಾಗಿ ಸ್ಥಾಪಕ ಲ್ಯಾರಿ ಪೇಜ್ ಬಳಿ ಬರತೊಡಗಿ ಪ್ರಯೋಗ ನಿಂತಿತು. ಮ್ಯಾನೇಜರ್‌ಗಳಿಂದ ನಿಜಕ್ಕೂ ಉಪಯೋಗವಿದೆಯೇ ಎಂದು ತಿಳಿಯಲು ಮುಂದೆ ಅದು ತನ್ನದೇ ಅಂಕಿಅಂಶ ಕೆದಕಿತು. ಒಳ್ಳೆಯ ಮ್ಯಾನೇಜರ್ ಇರುವ ತಂಡಗಳಲ್ಲಿ ಜನ ಉಳಿಯುತ್ತಾರೆ, ಸಮಾಧಾನವಾಗಿರುತ್ತಾರೆ ಎಂಬುದು ಗೊತ್ತಾಯಿತು. ಒಳ್ಳೆಯವರ ಗುಣಗಳ ಪಟ್ಟಿಯಲ್ಲಿ ತಾಂತ್ರಿಕ ಜಾಣ್ಮೆ ಕೆಳಗಿತ್ತು, ತಂಡದವರನ್ನು ಬೆಳೆಸುವ ಗುಣ ಮೇಲಿತ್ತು.

ನಮ್ಮ ಸ್ಟಾರ್ಟ್‌ಅಪ್‌ಗಳು ಎಡವುವುದು ಇಲ್ಲೇ. ಚೆನ್ನಾಗಿ ಕೋಡ್ ಬರೆಯುವವರನ್ನು ಇಪ್ಪತ್ತಾರನೇ ವಯಸ್ಸಿಗೆ ಹನ್ನೆರಡು ಜನರ ಮೇಲೆ ಕೂರಿಸುತ್ತಾರೆ. ಕೆಟ್ಟ ಸುದ್ದಿ ಹೇಳುವುದು, ಅಪ್ರೈಸಲ್ ಬರೆಯುವುದು, ಅಳುತ್ತಿರುವ ಸಹೋದ್ಯೋಗಿಯ ಎದುರು ಕೂರುವುದು ಹೇಗೆಂದು ಯಾರೂ ಕಲಿಸಿರುವುದಿಲ್ಲ. ಒಬ್ಬ ಒಳ್ಳೆಯ ಎಂಜಿನಿಯರ್ ಕಳೆದುಹೋಗಿ ಒಬ್ಬ ಹೆದರಿದ ಮ್ಯಾನೇಜರ್ ಸಿಗುತ್ತಾನೆ. ಮ್ಯಾನೇಜರ್ ಆಗದೆಯೂ ಸಂಬಳ, ಗೌರವ ಏರುವ ಎರಡನೆಯ ದಾರಿಯನ್ನು ಕಂಪನಿ ಇಡಬೇಕಾದದ್ದು ಇದಕ್ಕಾಗಿ.

ದೂರು ಯಾರ ಬಳಿ

ಎಚ್‌ಆರ್ ಯಾರ ಪರ ಎಂಬ ಪ್ರಶ್ನೆ ಅತಿ ಕಟುವಾಗಿ ಎದ್ದದ್ದು 2017ರ ಫೆಬ್ರವರಿಯಲ್ಲಿ. ಊಬರ್‌ನ ಮಾಜಿ ಎಂಜಿನಿಯರ್ ಸೂಸನ್ ಫೌಲರ್, ತಾನು ಕೊಟ್ಟ ಲೈಂಗಿಕ ಕಿರುಕುಳದ ದೂರನ್ನು ಎಚ್‌ಆರ್ ವಿಭಾಗ ಹೇಗೆ ತಳ್ಳಿಹಾಕಿತು ಎಂದು ಬರೆದರು. ಕಾರಣ ಸರಳವಿತ್ತು, ಆರೋಪಿತ ಮ್ಯಾನೇಜರ್ ಕೆಲಸದಲ್ಲಿ ಚುರುಕು. ತನಿಖೆ ನಡೆದು ಇಪ್ಪತ್ತಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಅಮೆರಿಕದ ಮಾಜಿ ಅಟಾರ್ನಿ ಜನರಲ್ ಎರಿಕ್ ಹೋಲ್ಡರ್ ತಂಡ ಸುಧಾರಣೆಗಳ ಉದ್ದ ಪಟ್ಟಿಯನ್ನೇ ಕೊಟ್ಟಿತು. ಜೂನ್‌ನಲ್ಲಿ ಸ್ಥಾಪಕ ಟ್ರಾವಿಸ್ ಕಲಾನಿಕ್ ಸಿಇಒ ಸ್ಥಾನ ಬಿಟ್ಟರು. ಊಬರ್‌ನಲ್ಲಿ ಎಚ್‌ಆರ್ ಇರಲಿಲ್ಲವೆಂದಲ್ಲ. ನೇಮಕಾತಿ ಮಾಡಲೆಂದು ಕಟ್ಟಿದ ವಿಭಾಗಕ್ಕೆ ನ್ಯಾಯ ಹೇಳುವ ಶಕ್ತಿಯಿರಲಿಲ್ಲ.

ನಮ್ಮ ಕಾನೂನು ಇಲ್ಲಿ ಮುಂದಿದೆ. 1997ರ ವಿಶಾಖಾ ತೀರ್ಪಿನಿಂದ ಹುಟ್ಟಿದ 2013ರ ಕಾಯ್ದೆ, ಆಂತರಿಕ ಸಮಿತಿಗೆ ಹಿರಿಯ ಮಹಿಳೆಯೇ ಅಧ್ಯಕ್ಷೆಯಾಗಬೇಕು, ಅರ್ಧದಷ್ಟು ಸದಸ್ಯರು ಮಹಿಳೆಯರಿರಬೇಕು, ಹೊರಗಿನ ಒಬ್ಬ ಸದಸ್ಯರಿರಬೇಕು, ತೊಂಬತ್ತು ದಿನಗಳಲ್ಲಿ ವಿಚಾರಣೆ ಮುಗಿಯಬೇಕು ಎನ್ನುತ್ತದೆ. ಕರ್ನಾಟಕ ಸರ್ಕಾರ ಐಟಿ ಮತ್ತು ಜ್ಞಾನಾಧಾರಿತ ಉದ್ಯಮಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವರ್ಷಗಳ ಕಾಲ ಕೊಟ್ಟ ವಿನಾಯಿತಿಗೂ ಇಂಥ ಷರತ್ತುಗಳಿದ್ದವು: ಕಿರುಕುಳ ವಿರೋಧಿ ಸಮಿತಿ, ಕುಂದುಕೊರತೆ ಸಮಿತಿ, ಶಿಸ್ತುಕ್ರಮಗಳ ಮಾಹಿತಿಯನ್ನು ಕಾರ್ಮಿಕ ಇಲಾಖೆಗೆ ಕೊಡುವುದು. ವಿನಾಯಿತಿ ಎಲ್ಲರಿಗೂ ನೆನಪಿತ್ತು, ಷರತ್ತು ಪಾಲಿಸುತ್ತಿಲ್ಲ ಎಂಬುದು 2017ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಐಟಿ, ಐಟಿಇಎಸ್ ನೌಕರರ ಸಂಘದ ಮುಖ್ಯ ಆಕ್ಷೇಪವಾಯಿತು.

ಹೆರಿಗೆ ರಜೆಯ ವಿಷಯದಲ್ಲಿ ಮಾತ್ರ ಸಣ್ಣ ಕಂಪನಿಗಳ ಅಹವಾಲು ನ್ಯಾಯವಾದದ್ದು. 2017ರ ತಿದ್ದುಪಡಿಯಿಂದ 26 ವಾರಗಳ ಸಂಬಳದ ರಜೆ ಬಂತು. ತಿಂಗಳಿಗೆ 21,000 ರೂಪಾಯಿ ಮೀರಿದ ಸಂಬಳದವರಿಗೆ ಇಎಸ್‌ಐ ಇಲ್ಲ; ಪೂರ್ತಿ ಖರ್ಚು ಕಂಪನಿಯದು. ಹನ್ನೆರಡು ಜನರ ಕಂಪನಿಗೆ ಇದು ಭಾರ. ಪರಿಣಾಮವಾಗಿ ಮದುವೆಯಾದ ಹೆಣ್ಣುಮಕ್ಕಳ ಅರ್ಜಿ ಸದ್ದಿಲ್ಲದೆ ಬದಿಗೆ ಸರಿಯುತ್ತದೆ. ಈ ಖರ್ಚಿನ ಒಂದು ಪಾಲನ್ನು ಸಾಮಾಜಿಕ ವಿಮೆ ಹೊರದ ಹೊರತು ಕಾನೂನಿನ ಒಳ್ಳೆಯ ಉದ್ದೇಶ ಸಂದರ್ಶನದ ಕೋಣೆಯಲ್ಲೇ ಸೋಲುತ್ತದೆ.

ಕಳಿಸಿಕೊಡುವ ರೀತಿ

ಕಂಪನಿಯ ಗುಣ ತಿಳಿಯುವುದು ಜನರನ್ನು ಕಳಿಸುವಾಗ. 2015ರಲ್ಲಿ ಟೈನಿಔಲ್ ಎಂಬ ಊಟ ತರಿಸುವ ಕಂಪನಿ ಜನರನ್ನು ಕೆಲಸದಿಂದ ತೆಗೆಯಲು ಹೊರಟಾಗ, ಅದರ ಪುಣೆ ಕಚೇರಿಯ ನೌಕರರು ಬಾಕಿ ಹಣಕ್ಕಾಗಿ ಸಹ ಸ್ಥಾಪಕರನ್ನು ಹೊರಗೆ ಹೋಗಲು ಬಿಡದೆ ಕೂಡಿಹಾಕಿದರು. ಕೇಳಲು ಬೇರೆ ದಾರಿಯೇ ಇಲ್ಲವೆಂದು ಅವರಿಗೆ ಅನ್ನಿಸಿತ್ತು. 2023ರ ಜನವರಿಯಲ್ಲಿ ಸ್ವಿಗ್ಗಿ 380 ಜನರನ್ನು ಕಳಿಸಿದಾಗ, ಅತಿಯಾಗಿ ನೇಮಿಸಿಕೊಂಡದ್ದು ತಮ್ಮದೇ ಅಂದಾಜಿನ ತಪ್ಪು ಎಂದು ಸಿಇಒ ಶ್ರೀಹರ್ಷ ಮಜೆಟಿ ಪತ್ರದಲ್ಲಿ ಒಪ್ಪಿಕೊಂಡರು. ಸೇವಾವಧಿಗೆ ತಕ್ಕಂತೆ ಮೂರರಿಂದ ಆರು ತಿಂಗಳ ಹಣ ಕೊಡುವುದಾಗಿ ಕಂಪನಿ ಹೇಳಿತು. ಕೆಲಸ ಹೋದವರ ಕಷ್ಟ ಇದರಿಂದ ತೀರಲಿಲ್ಲ, ಆದರೆ ತಪ್ಪು ಯಾರದೆಂಬ ಭಾರವನ್ನಾದರೂ ಅವರು ಹೊರಬೇಕಾಗಲಿಲ್ಲ.

ಬೈಜೂಸ್ ಕಥೆ ಇನ್ನೊಂದು ಬಗೆಯದು. ಒಂದು ಹಂತದಲ್ಲಿ 2,200 ಕೋಟಿ ಡಾಲರ್ ಮೌಲ್ಯದ್ದೆನಿಸಿದ್ದ ಬೆಂಗಳೂರಿನ ಈ ಕಂಪನಿ 2022ರ ಅಕ್ಟೋಬರ್‌ನಲ್ಲಿ 2,500 ಜನರನ್ನು ತೆಗೆಯುವುದಾಗಿ ಪ್ರಕಟಿಸಿತು. ಒತ್ತಾಯದಿಂದ ರಾಜೀನಾಮೆ ಬರೆಸಿಕೊಳ್ಳಲಾಗುತ್ತಿದೆ ಎಂದು ನೌಕರರು ದೂರಿದರು. ಕೇರಳದಲ್ಲಿ ಕಾರ್ಮಿಕ ಸಚಿವರವರೆಗೆ ದೂರು ಹೋದ ಮೇಲೆ ತಿರುವನಂತಪುರ ಕಚೇರಿ ಮುಚ್ಚುವ ತೀರ್ಮಾನ ಬದಲಾಯಿತು. 2024ರಲ್ಲಿ ಸಂಬಳ ತಡವಾಗುವ ಸ್ಥಿತಿ ಬಂದು, ಜುಲೈನಲ್ಲಿ ದಿವಾಳಿ ಪ್ರಕ್ರಿಯೆ ಶುರುವಾಯಿತು. ನೂರು ಜನರಿದ್ದಾಗ ಬರೆಯದ ನಿಯಮವನ್ನು ಐವತ್ತು ಸಾವಿರ ಜನರಿರುವಾಗ, ಅದೂ ಕೈಯಲ್ಲಿ ಹಣವಿಲ್ಲದಾಗ, ಬರೆಯಲಾಗುವುದಿಲ್ಲ.

‘ಪಿಐಪಿ’ ಎಂಬ ಕೆಲಸ ಸುಧಾರಣೆಯ ಯೋಜನೆಯೂ ಹಲವೆಡೆ ಹೊರಗೆ ಕಳಿಸುವ ಮುನ್ನುಡಿಯಾಗಿದೆ. ನಿಜವಾಗಿ ಸುಧಾರಿಸಿ ಉಳಿದವರು ಎಷ್ಟು ಮಂದಿ ಎಂದು ಕಂಪನಿ ವರ್ಷಕ್ಕೊಮ್ಮೆ ತನ್ನನ್ನೇ ಕೇಳಿಕೊಂಡರೆ ಉತ್ತರ ಗೊತ್ತಾಗುತ್ತದೆ.

ಪಟ್ಟಿಯ ಹೊರಗಿನವರು

ಸ್ಟಾರ್ಟ್‌ಅಪ್‌ಗಳ ಎಚ್‌ಆರ್ ಚರ್ಚೆ ಹೆಚ್ಚಾಗಿ ಗಾಜಿನ ಕಟ್ಟಡದೊಳಗಿನದು. ಆ ಕಟ್ಟಡದ ದುಡಿಮೆಯನ್ನು ರಸ್ತೆಯ ಮೇಲೆ ನಡೆಸುವ ಡೆಲಿವರಿ ಹುಡುಗರು, ಕ್ಯಾಬ್ ಚಾಲಕರು, ಮನೆಗೆ ಬಂದು ಬ್ಯೂಟಿ ಪಾರ್ಲರ್ ಕೆಲಸ ಮಾಡುವ ಹೆಣ್ಣುಮಕ್ಕಳು ‘ಪಾರ್ಟ್‌ನರ್’ಗಳು, ಅವರು ನೌಕರರ ಪಟ್ಟಿಯಲ್ಲಿಲ್ಲ. ಸ್ಥಾಪಕರ ಮೇಜಿನಿಂದ ಅತಿ ದೂರದಲ್ಲಿರುವವರು ಇವರೇ. ಇವರ ಮ್ಯಾನೇಜರ್ ಒಂದು ಆ್ಯಪ್, ಇವರ ಅಪ್ರೈಸಲ್ ಗ್ರಾಹಕರ ರೇಟಿಂಗ್, ಇವರ ಟರ್ಮಿನೇಷನ್ ಒಂದು ಬೆಳಿಗ್ಗೆ ತೆರೆಯದ ಐಡಿ.

ಇವರಿಗಾಗಿ 2023ರಲ್ಲಿ ರಾಜಸ್ಥಾನ ಮೊದಲ ಕಾನೂನು ತಂದಿತು. ಕರ್ನಾಟಕ 2025ರಲ್ಲಿ ಮೊದಲು ಸುಗ್ರೀವಾಜ್ಞೆ, ನಂತರ ಕಾಯ್ದೆ ಮಾಡಿತು. ಪ್ರತಿ ವಹಿವಾಟಿನಲ್ಲಿ ಕೆಲಸಗಾರರಿಗೆ ಸಲ್ಲುವ ಹಣದ ಶೇ 1ರಿಂದ 5ರಷ್ಟನ್ನು ಕಂಪನಿಗಳಿಂದ ಕಲ್ಯಾಣ ಶುಲ್ಕವಾಗಿ ಪಡೆಯುವ ವ್ಯವಸ್ಥೆ, ಕಲ್ಯಾಣ ಮಂಡಳಿ, ಕೆಲಸದಿಂದ ತೆಗೆಯುವ ಮೊದಲು ಲಿಖಿತ ಕಾರಣದೊಂದಿಗೆ ಮುಂಗಡ ನೋಟಿಸ್ ಇವು ಅದರ ಮುಖ್ಯ ಅಂಶಗಳು. ರಸ್ತೆಯ ಮೇಲಿನ ಕೆಲಸಗಾರನಿಗೆ ಕಾರಣ ಬರೆದುಕೊಡಬೇಕೆಂದು ಕಾನೂನು ಹೇಳುತ್ತಿರುವಾಗ, ಎಷ್ಟೋ ಎಂಜಿನಿಯರ್‌ಗಳು ಹತ್ತು ನಿಮಿಷದ ವಿಡಿಯೊ ಕರೆಯಲ್ಲಿ ಕಾರಣವಿಲ್ಲದೆ ಮನೆಗೆ ಹೋಗುತ್ತಿದ್ದಾರೆ. ಗೋದಾಮು, ಡೆಲಿವರಿ ಕೇಂದ್ರಗಳಲ್ಲಿ ದುಡಿಯುವವರಿಗೆ ನಿಯಮಗಳು ಕನ್ನಡದಲ್ಲೂ ಇರಬೇಕು. ಓದಲಾಗದ ಕೈಪಿಡಿ ಇದ್ದರೂ ಇಲ್ಲದಂತೆಯೇ.

ಎಲ್ಲರೂ ತಲೆ ಎಣಿಸಿಯೇ ಬೆಳೆಯಬೇಕೇ

ಈವರೆಗಿನ ಚರ್ಚೆ, ಬೆಳವಣಿಗೆ ಎಂದರೆ ಜನ ಹೆಚ್ಚುವುದು ಎಂದೇ ನಂಬಿಕೊಂಡಿದೆ. ಹಾಗೇ ಆಗಬೇಕೆಂದಿಲ್ಲ. 2010ರಲ್ಲಿ ಬೆಂಗಳೂರಿನಲ್ಲಿ ನಿತಿನ್ ಕಾಮತ್ ಶುರು ಮಾಡಿದ ಜೆರೋಧಾ ಹೊರಗಿನ ಬಂಡವಾಳ ಪಡೆಯದೆ ಬೆಳೆಯಿತು. ದೇಶದ ಅತಿ ದೊಡ್ಡ ಷೇರು ದಲ್ಲಾಳಿ ಸಂಸ್ಥೆಗಳಲ್ಲೊಂದಾದ ಮೇಲೂ ಅದರ ತಂತ್ರಜ್ಞಾನ ತಂಡ ಮೂವತ್ತರ ಆಸುಪಾಸಿನಲ್ಲೇ ಇತ್ತು. ಹೊರಗಿನವರ ಗಡುವಿಲ್ಲದ್ದರಿಂದ ನೇಮಕಾತಿಯ ಆತುರವಿಲ್ಲ, ಆತುರವಿಲ್ಲದ್ದರಿಂದ ಸಾಮೂಹಿಕವಾಗಿ ತೆಗೆಯುವ ಅಗತ್ಯವೂ ಬೀಳಲಿಲ್ಲ. ಉಡುಪಿಯಲ್ಲಿ 1996ರಲ್ಲಿ ಹುಟ್ಟಿದ ರೋಬೋಸಾಫ್ಟ್, ಕರಾವಳಿಯ ಹುಡುಗ ಹುಡುಗಿಯರನ್ನೇ ತರಬೇತಿ ಕೊಟ್ಟು ಬೆಳೆಸಿ, 2021ರಲ್ಲಿ ಜಪಾನಿನ ಟೆಕ್ನೊಪ್ರೊ ಕೊಂಡುಕೊಳ್ಳುವ ಮಟ್ಟ ಮುಟ್ಟಿತು. ಊರಿನಲ್ಲೇ ಉಳಿಯುವ ಅವಕಾಶವೂ ಸಂಬಳದ ಒಂದು ಭಾಗ ಎಂಬುದನ್ನು ಹುಬ್ಬಳ್ಳಿ, ಮಂಗಳೂರು, ಮೈಸೂರುಗಳ ಹೊಸ ಕಂಪನಿಗಳು ಇದರಿಂದ ಕಲಿಯಬಹುದು. ಎಲ್ಲ ವ್ಯವಹಾರಗಳೂ ಹೀಗೆ ನಡೆಯಲಾರವು, ದಿನಸಿಯನ್ನು ಮನೆಗೆ ಮುಟ್ಟಿಸಲು ಜನ ಬೇಕೇ ಬೇಕು. ಆದರೆ ಎಷ್ಟು ಜನ, ಎಷ್ಟು ಬೇಗ ಎಂಬ ತೀರ್ಮಾನ ಎಚ್‌ಆರ್ ನೀತಿಗಳಲ್ಲೆಲ್ಲ ಮೊದಲನೆಯದು. ಅದನ್ನು ಹಲವೆಡೆ ಹೂಡಿಕೆದಾರರ ಸಭೆಯೇ ಮಾಡಿ ಮುಗಿಸಿರುತ್ತದೆ.

ಏನು ಮಾಡಬಹುದು

ಹತ್ತು ಜನರ ಕಂಪನಿಗೆ ಐವತ್ತು ಪುಟಗಳ ಕೈಪಿಡಿ ಬೇಡ. ಮೈಸೂರಿನ ಅಧ್ಯಯನ ತೋರಿಸಿದ ನಿಯತ ಸಭೆ, ಸ್ಪಷ್ಟ ಗುರಿ, ನೇರ ಮಾತು ಮತ್ತು ಎರಡು ಪುಟಗಳ ಬರಹ ಸಾಕು: ಸಂಬಳ ಗೊತ್ತಾಗುವ ರೀತಿ, ರಜೆ, ದೂರು ಕೊಡಬೇಕಾದವರ ಹೆಸರು, ಬಿಟ್ಟುಹೋಗುವವರಿಗೆ ಸಲ್ಲುವುದೇನು. ಐವತ್ತಾಗುವಾಗ ಸಂಬಳದ ಶ್ರೇಣಿ, ಮ್ಯಾನೇಜರ್‌ಗಳಿಗೆ ತರಬೇತಿ, ನಿಜವಾಗಿ ಸಭೆ ಸೇರುವ ಆಂತರಿಕ ಸಮಿತಿ ಬರಲಿ. ಇನ್ನೂರು ದಾಟುವಾಗ ಎಚ್‌ಆರ್ ಮುಖ್ಯಸ್ಥರು ಸ್ಥಾಪಕರ ತಪ್ಪನ್ನೂ ನಿರ್ದೇಶಕ ಮಂಡಳಿಯ ಮುಂದೆ ಇಡುವಷ್ಟು ಸ್ವತಂತ್ರರಾಗಿರಲಿ. ನಿದ್ದೆಗೆ ಬಿಡುವು, ಕಚೇರಿಯಲ್ಲಿ ಪಿಜ್ಜಾ, ಇಡೀ ಕಂಪನಿಗೆ ಒಟ್ಟಿಗೆ ಹನ್ನೊಂದು ದಿನಗಳ ರಜೆ ಮುಂತಾದ ಸುದ್ದಿಯಾಗುವ ಸೌಲಭ್ಯಗಳು ಇವುಗಳ ನಂತರದ ಮಾತು.

ಕೆಲಸಕ್ಕೆ ಸೇರುವವರೂ ಸಿಟಿಸಿ ಜೊತೆಗೆ ಮೂರು ಪ್ರಶ್ನೆ ಕೇಳಬಹುದು. ಆಂತರಿಕ ಸಮಿತಿಯ ಹೊರಗಿನ ಸದಸ್ಯರು ಯಾರು? ಕೆಲಸ ಬಿಟ್ಟರೆ ನನ್ನ ಇಸಾಪ್ ಏನಾಗುತ್ತದೆ? ಕಳೆದ ವರ್ಷ ಬಿಟ್ಟವರಿಗೆ ಬಾಕಿ ಹಣ ಎಷ್ಟು ದಿನಗಳಲ್ಲಿ ಸಿಕ್ಕಿತು? ಸಂದರ್ಶನ ಮಾಡುವವರು ಇವಕ್ಕೆ ಸಲೀಸಾಗಿ ಉತ್ತರಿಸಿದರೆ ಆ ಕಂಪನಿ ಬೆಳೆಯಲು ಕಲಿತಿದೆ ಎಂದು ತಿಳಿಯಬಹುದು. ತಡವರಿಸಿದರೆ, ಅದರ ಮೌಲ್ಯ ಎಷ್ಟು ಸಾವಿರ ಕೋಟಿಯಾಗಿರಲಿ, ಅದು ಇನ್ನೂ ಏಳೆಂಟು ಜನರ ಕಂಪನಿಯೇ.